ಜಯಚಾಮರಾಜ ಒಡೆಯರ್: ಪಿಯಾನೋದಿಂದ ವೀಣೆಗೆ

1940ರ ಮಾರ್ಚ್ ತಿಂಗಳಲ್ಲಿ ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರು ಮುಂಬಯಿಯಲ್ಲಿ ಕಾಲವಾದರು. ಐದು ತಿಂಗಳು ತುಂಬುವ ಮೊದಲೇ, ಆಗಸ್ಟ್ 3ರಂದು, ಅವರ ಅಣ್ಣ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರೂ ಅಗಲಿದರು. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ. ಹೀಗಾಗಿ ಯುವರಾಜರ ಏಕೈಕ ಪುತ್ರ, ಇಪ್ಪತ್ತೊಂದರ ಹರೆಯದ ಜಯಚಾಮರಾಜ ಒಡೆಯರ್ ಅವರು ಆ ಸೆಪ್ಟೆಂಬರಿನಲ್ಲಿ ಸಿಂಹಾಸನವನ್ನೇರಬೇಕಾಯಿತು. ಚರಿತ್ರಕಾರರು ಸಾಮಾನ್ಯವಾಗಿ ಇಲ್ಲಿಂದ ಆಡಳಿತದ ಸಂಗತಿಗಳತ್ತ ಹೊರಳುತ್ತಾರೆ. ಆದರೆ ಆ ತರುಣರು ತಮಗಾಗಿ ಬಯಸಿದ್ದ ಬದುಕು ಬೇರೆಯದಾಗಿತ್ತು. ಅವರು ಸಭೆಯಲ್ಲಿ ನುಡಿಸುವ ಪಿಯಾನೋವಾದಕರಾಗಬೇಕೆಂದಿದ್ದರು.

ಈ ಬಯಕೆ ಅರಮನೆಯ ವಾತಾವರಣಕ್ಕೆ ವಿಚಿತ್ರವಾದುದೇನಲ್ಲ. 1919ರ ಜುಲೈ 18ರಂದು ಜನಿಸಿದ ಅವರು ಎರಡು ಸಂಗೀತಗಳ ನಡುವೆ ಬೆಳೆದವರು. ಒಂದೆಡೆ ವಾಸುದೇವಾಚಾರ್ಯರಂತಹ ವಾಗ್ಗೇಯಕಾರರು, ವೈಣಿಕ ಪರಂಪರೆ. ಇನ್ನೊಂದೆಡೆ ಜರ್ಮನಿಯ ಆಟೋ ಶ್ಮಿಟ್ ಅವರು ನಡೆಸುತ್ತಿದ್ದ ಪಾಶ್ಚಾತ್ಯ ವಾದ್ಯವೃಂದ. 1938ರಲ್ಲಿ ಮಹಾರಾಜಾ ಕಾಲೇಜಿನಿಂದ ಪದವಿ ಪಡೆದು, ಮರುವರ್ಷ ಯುರೋಪ್ ಪ್ರವಾಸ ಮುಗಿಸಿ ಬಂದವರಿಗೆ ಮುಂದೆ ಕಾದಿದ್ದುದು ಮಾತ್ರ ರಾಜ್ಯಭಾರ. ಆದರೂ ಅವರು ವಾದ್ಯವನ್ನು ಕೈಬಿಡಲಿಲ್ಲ. 1945ರಲ್ಲಿ, ಅರಸರಾಗಿ ಐದು ವರ್ಷಗಳಾದ ಮೇಲೆ, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಶಿಯೇಟ್ ಮನ್ನಣೆ ಅವರಿಗೆ ಸಂದಿತು.

ವೇದಿಕೆಯನ್ನೇರಲಾಗದ ಈ ವಾದಕರು ತಮ್ಮ ಮನಸ್ಸಿನ ಮಾತಿಗೆ ಇನ್ನೊಬ್ಬರ ಬೆರಳುಗಳನ್ನು ಹುಡುಕಿಕೊಂಡರೆಂದೇ ಹೇಳಬೇಕು. ಮಾಸ್ಕೋದಲ್ಲಿ 1880ರಲ್ಲಿ ಹುಟ್ಟಿದ ನಿಕೊಲಾಯ್ ಮೆಟ್ನರ್ ಅವರು ಕ್ರಾಂತಿಯ ನಂತರ, 1921ರಲ್ಲಿ ದೇಶ ಬಿಟ್ಟು ಹಲವೆಡೆ ಅಲೆದು, 1930ರ ದಶಕದಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದರು. ವಯಸ್ಸಾಗಿತ್ತು, ಆರೋಗ್ಯ ಕೆಟ್ಟಿತ್ತು, ಹೊಸ ಕಾಲದ ಅಭಿರುಚಿ ಅವರನ್ನು ಬದಿಗೆ ಸರಿಸಿತ್ತು. ಅವರು ಪಿಯಾನೋಗಾಗಿ ಬರೆದ ಅನೇಕ ಕಿರುಕೃತಿಗಳಿಗೆ ರಷ್ಯನ್ ಭಾಷೆಯಲ್ಲಿ ಸ್ಕಾಸ್ಕಿ ಎಂದು ಹೆಸರು. ನಮ್ಮ ಅಡಗೂಲಜ್ಜಿಯ ಕಥೆಗಳಿಗೆ ಹತ್ತಿರವಾದ ಶಬ್ದ. ವಿಶೇಷವೆಂದರೆ ಈ ಕಥೆಗಳಿಗೆ ಮಾತಿಲ್ಲ. ಒಂದು ಸ್ವರಗುಚ್ಛ ಪಾತ್ರದಂತೆ ಪ್ರವೇಶಿಸುತ್ತದೆ, ತಡೆಯನ್ನು ಎದುರಿಸುತ್ತದೆ, ರೂಪ ಬದಲಿಸಿ ಮರಳುತ್ತದೆ. ಏನಾಯಿತೆಂಬುದು ಕೇಳುಗನ ಊಹೆಗೆ ಬಿಟ್ಟದ್ದು. ತನ್ನ ಮನಸ್ಸಿನ ಮಾತನ್ನು ಬಹಿರಂಗವಾಗಿ ಆಡಲಾರದ ಸ್ಥಾನದಲ್ಲಿದ್ದ ಅರಸನೊಬ್ಬ ಇಂತಹ ನಿಶ್ಶಬ್ದ ಕಥನಕ್ಕೆ ಮಾರುಹೋದುದು ಸಹಜವೆಂದು ತೋರುತ್ತದೆ.

ಒಡೆಯರ್ ಅವರ ನೆರವಿನಿಂದ ಸ್ಥಾಪಿತವಾದ ಮೆಟ್ನರ್ ಸೊಸೈಟಿಗಾಗಿ ಎಚ್.ಎಂ.ವಿ. ಸಂಸ್ಥೆ 1947ರಿಂದ ಈ ಕೃತಿಗಳನ್ನು ಮೆಟ್ನರ್ ಅವರಿಂದಲೇ ನುಡಿಸಿ ಮುದ್ರಿಸಿತು. ಲೆರ್ಮೊಂತೊವ್ ಕವಿಯ ಜಲಕನ್ಯೆಯ ಕಥೆಯನ್ನು ಬೆನ್ನಿಗಿಟ್ಟುಕೊಂಡ ಮೂರನೆಯ ಪಿಯಾನೋ ಕನ್ಚೆರ್ಟೋವನ್ನು ಮೆಟ್ನರ್ ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡಾಗ ಅವರ ವಾದನ ಮುದ್ರಿಕೆಗಳಲ್ಲಿ ಉಳಿದಿತ್ತು.

ಇಲ್ಲೊಂದು ಇರುಸುಮುರುಸಿನ ಸಂಗತಿಯನ್ನು ಮರೆಮಾಚಲಾಗದು. 1947ರಲ್ಲೇ ಮೈಸೂರಿನ ಬೀದಿಗಳಲ್ಲಿ ಜವಾಬ್ದಾರಿ ಸರಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆಯುತ್ತಿತ್ತು. ಜನ ಕೇಳುತ್ತಿದ್ದುದು ಒಂದು, ಅರಮನೆ ಆಲಿಸುತ್ತಿದ್ದುದು ಇನ್ನೊಂದು ಎಂಬ ಆಕ್ಷೇಪಕ್ಕೆ ಆಸ್ಪದವಿದ್ದೇ ಇದೆ. ಆ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ನೇತೃತ್ವದ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು.

ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ 1948ರಲ್ಲಿ ಅವರು ಮೊದಲ ಅಧ್ಯಕ್ಷರಾದರು. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು 1950ರ ಮೇ ತಿಂಗಳಲ್ಲಿ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಕೇಳಿಬಂದುದೂ ಅವರ ನೆರವಿನಿಂದಲೇ.

ಇಷ್ಟಾದರೂ ಒಡೆಯರ್ ಅವರು ಸ್ವಂತ ರಚನೆಗೆ ತೊಡಗಿದಾಗ ಪಿಯಾನೋವನ್ನು ಆರಿಸಲಿಲ್ಲ. ಕಾರಣದ ಒಂದಂಶ ವಾದ್ಯದಲ್ಲೇ ಇದೆ. ಪಿಯಾನೋದ ಮನೆ ಒತ್ತಿದಾಗ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿಯುತ್ತದೆ. ಹುಟ್ಟಿದ ಕ್ಷಣದಿಂದಲೇ ನಾದ ಕರಗತೊಡಗುತ್ತದೆ, ವಾದಕ ಅದನ್ನು ಮತ್ತೆ ಮುಟ್ಟಲಾರ. ಎಂಬತ್ತೆಂಟು ಮನೆಗಳಿದ್ದರೂ ಎರಡು ಮನೆಗಳ ನಡುವಿನ ಎಡೆಯಲ್ಲಿ ದಾರಿಯಿಲ್ಲ. ವೀಣೆಯಲ್ಲಾದರೋ ಮೀಟಿದ ಮೇಲೂ ಎಡಗೈ ತಂತಿಯನ್ನು ಎಳೆದು ಸ್ವರವನ್ನು ಬಳುಕಿಸಬಲ್ಲುದು. ಗಮಕ ಹುಟ್ಟುವುದು ಆ ಎಡೆಯಲ್ಲಿಯೇ. ವೆಂಕಟಗಿರಿಯಪ್ಪನವರಲ್ಲಿ ವೀಣೆಯನ್ನೂ ವಾಸುದೇವಾಚಾರ್ಯರಲ್ಲಿ ಶಾಸ್ತ್ರದ ಸೂಕ್ಷ್ಮಗಳನ್ನೂ ಅರಿತ ಅವರು, ಶಿಲ್ಪಿ ಸಿದ್ಧಲಿಂಗಸ್ವಾಮಿಗಳಿಂದ ಶ್ರೀವಿದ್ಯಾ ದೀಕ್ಷೆ ಪಡೆದು, ಅದೇ ಅಂಕಿತದಲ್ಲಿ ಸಂಸ್ಕೃತ ಕೃತಿಗಳನ್ನು ರಚಿಸಿದರು. ದೊರೆತಿರುವ ತೊಂಬತ್ತನಾಲ್ಕು ಕೃತಿಗಳಲ್ಲಿ ಹೆಚ್ಚಿನವು 1945ರಿಂದ 1947ರ ನಡುವಿನವು. ಗಂಭೀರನಾಟದ ‘ಶ್ರೀ ಜಾಲಂಧರ’ ಇಂದಿಗೂ ಕಛೇರಿಗಳಲ್ಲಿ ಕೇಳಿಬರುತ್ತದೆ. ಲಂಡನ್ನಿನಲ್ಲಿ ಮೆಟ್ನರ್ ಅವರ ಕಥೆಗಳು ಮುದ್ರಣವಾಗುತ್ತಿದ್ದ ಕಾಲವೂ ಮೈಸೂರಿನಲ್ಲಿ ಈ ಕೃತಿಗಳು ಮೂಡಿದ ಕಾಲವೂ ಒಂದಕ್ಕೊಂದು ತಾಗಿಕೊಂಡಿರುವುದನ್ನು ಅಭ್ಯಾಸಿಗಳು ಗಮನಿಸಬೇಕು. ಪಿಯಾನೋ ಅವರ ಮಟ್ಟಿಗೆ ಕೇಳುವ ಕಥೆಯಾಗಿ ಉಳಿಯಿತು. ಹೇಳುವ ಕಥೆ ವೀಣೆಯ ಪಾಲಾಯಿತು.

ಋಗ್ವೇದ ಮತ್ತು ಪುರಾಣಗಳನ್ನು ಕನ್ನಡಕ್ಕೆ ತಂದ ಗ್ರಂಥರತ್ನಮಾಲೆಯ ಪೋಷಕರೆಂದು ಕನ್ನಡಿಗರು ಅವರನ್ನು ಬಲ್ಲರು. ರಾಜಪ್ರಮುಖರಾಗಿ, ಮೈಸೂರಿನ ರಾಜ್ಯಪಾಲರಾಗಿ, 1964ರಿಂದ ಎರಡು ವರ್ಷ ಮದ್ರಾಸಿನ ರಾಜ್ಯಪಾಲರಾಗಿ ಸೇವೆ ಸಲ್ಲಿಸಿದರು. 1974ರ ಸೆಪ್ಟೆಂಬರ್ 23ರಂದು ಬೆಂಗಳೂರಿನಲ್ಲಿ ನಿಧನರಾದಾಗ ಅವರಿಗೆ ಐವತ್ತೈದು ವರ್ಷ.