ಲೀಸೆ ಮೈಟ್ನರ್

ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಮೇಲ್ಮೈಯಿಂದಲೇ. ಘನವಸ್ತುಗಳ ಮೇಲ್ಮೈಯ ಕೆಲವೇ ಪರಮಾಣುಸ್ತರಗಳಲ್ಲಿ ಯಾವ ಮೂಲವಸ್ತುಗಳಿವೆಯೆಂಬುದನ್ನು ವಿಜ್ಞಾನಿಗಳು ಇಂದು ಎಲೆಕ್ಟ್ರಾನುಗಳ ಮೂಲಕ ಅರಿಯುತ್ತಾರೆ. ಈ ವಿಧಾನಕ್ಕೆ ಫ್ರಾನ್ಸಿನ ಪಿಯೇರ್ ಓಜೆಯವರ ಹೆಸರಿದೆ. ಆದರೆ ಅದರ ಮೂಲತತ್ತ್ವವನ್ನು ಅವರಿಗಿಂತ ಮೊದಲೇ ಪ್ರಕಟಿಸಿದವರು ಲೀಸೆ ಮೈಟ್ನರ್. ಆ ಮಹಿಳೆಯ ಚರಿತ್ರೆಯನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

1878ರಲ್ಲಿ ವಿಯೆನ್ನಾ ನಗರದ ಯೆಹೂದ್ಯ ಕುಟುಂಬವೊಂದರಲ್ಲಿ ಜನಿಸಿದ ಇವರು 1906ರಲ್ಲಿ ಭೌತಶಾಸ್ತ್ರದ ಡಾಕ್ಟರ್ ಪದವಿಯನ್ನು ಪಡೆದು ಮರುವರ್ಷ ಬರ್ಲಿನ್ನಿಗೆ ತೆರಳಿದರು. ಅಲ್ಲಿನ ರಸಾಯನ ಸಂಸ್ಥೆಯಲ್ಲಿ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಬಡಗಿಯ ಕೆಲಸಕ್ಕಾಗಿದ್ದ ಕೆಳಅಂತಸ್ತಿನ ಕೋಣೆಯೊಂದರಲ್ಲಿ, ವೇತನವಿಲ್ಲದೆ, ಒಟ್ಟೊ ಹಾನರೊಡನೆ ಸಂಶೋಧನೆ ನಡೆಸಿದರು. 1926ರಲ್ಲಿ ಜರ್ಮನಿಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ ಪದವನ್ನೇರಿದ ಪ್ರಥಮ ಮಹಿಳೆಯಾದರು.

1922ರಲ್ಲಿ ಪ್ರಕಟವಾದ ಅವರ ಶೋಧವು ಇದು: ಪರಮಾಣುವಿನ ಒಳವಲಯದಿಂದ ಎಲೆಕ್ಟ್ರಾನೊಂದು ಹೊರಬಿದ್ದಾಗ ಹೊರವಲಯದ ಮತ್ತೊಂದು ಆ ಬರಿದಾದ ಸ್ಥಾನಕ್ಕಿಳಿಯುವುದು. ಆಗ ಮಿಕ್ಕ ಶಕ್ತಿಯು ಕಿರಣರೂಪದಲ್ಲಿ ಹೋಗದೆ ಮೂರನೆಯ ಎಲೆಕ್ಟ್ರಾನನ್ನು ಹೊರದೂಡಬಲ್ಲುದು. ಹಾಗೆ ಹೊರಬಂದ ಎಲೆಕ್ಟ್ರಾನಿನ ಶಕ್ತಿಯು ಆಯಾ ಮೂಲವಸ್ತುವಿನ ಗುರುತು. ಘನವಸ್ತುವಿನ ಆಳದಿಂದ ಹೊರಟುದು ದಾರಿಯಲ್ಲೇ ಶಕ್ತಿಗುಂದುವುದರಿಂದ, ಆ ಗುರುತನ್ನು ಹೊತ್ತು ಬರುವುದು ಮೇಲ್ಮೈಯದು ಮಾತ್ರ. ಓಜೆಯವರು 1923ರಲ್ಲಿ ಇದನ್ನೇ ಸ್ವತಂತ್ರವಾಗಿ ಕಂಡರು. ಹೆಸರು ಅವರದಾಯಿತು.

1938ರಲ್ಲಿ ಆಸ್ಟ್ರಿಯಾ ಜರ್ಮನಿಯ ವಶವಾದ ಮೇಲೆ, ಹಿಟ್ಲರನ ಆಡಳಿತದಿಂದ ತಪ್ಪಿಸಿಕೊಂಡು ಅವರು ಸ್ವೀಡನ್ನನ್ನು ಸೇರಿದರು. ಬರ್ಲಿನ್ನಿನಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ನರು ಕಂಡ ಯುರೇನಿಯಂ ಪರಿಣಾಮವು ಪರಮಾಣುಗರ್ಭದ ವಿದಳನವೆಂದು, ಸೋದರಿಯ ಮಗನಾದ ಫ್ರಿಷರೊಡಗೂಡಿ 1939ರಲ್ಲಿ ವಿವರಿಸಿದರು. 1944ರ ನೊಬೆಲ್ ಪಾರಿತೋಷಕವು ಹಾನರೊಬ್ಬರಿಗೇ ಸಂದಿತು. ಪರಮಾಣು ಬಾಂಬಿನ ಕಾರ್ಯಕ್ಕೆ ಆಹ್ವಾನ ಬಂದಾಗ ಮೈಟ್ನರರು ಅದನ್ನು ನಿರಾಕರಿಸಿದರು. 1968ರಲ್ಲಿ ಕೇಂಬ್ರಿಜ್ಜಿನಲ್ಲಿ ಕಾಲವಾದರು. 1997ರಲ್ಲಿ 109ನೆಯ ಮೂಲವಸ್ತುವಿಗೆ ಅವರ ಹೆಸರನ್ನಿಡಲಾಯಿತು.

ಒಂದು ರಾಷ್ಟ್ರವು ಲಿಂಗವನ್ನೆಣಿಸಿ ಬಾಗಿಲು ಮುಚ್ಚಿತು, ಬಳಿಕ ಕುಲವನ್ನೆಣಿಸಿ ಗಡಿಯಾಚೆಗೆ ಅಟ್ಟಿತು. ನಷ್ಟವು ಆ ರಾಷ್ಟ್ರದ್ದೇ ಆಯಿತು. ವಿದ್ಯೆಗೆ ಜಾತಿಯಿಲ್ಲವೆಂದು ಬಾಯಿಮಾತಿನಲ್ಲಿ ಹೇಳುವ ನಾವೂ ನಮ್ಮ ವಿದ್ಯಾಮಂದಿರಗಳ ಬಾಗಿಲುಗಳನ್ನು ಒಮ್ಮೆ ಪರಾಂಬರಿಸಿ ನೋಡುವುದು ಲೇಸು. ಅರ್ಹತೆಯುಳ್ಳವರನ್ನು ಹೊರಗೆ ನಿಲ್ಲಿಸಿದ ದೇಶವು ಮುಂದೆ ಸಾಗಲಾರದು.