ಕೋವಿಯ ಕೈಗೆ ಕ್ಯಾಮೆರಾ: ಜಿಮ್ ಕಾರ್ಬೆಟ್

ಕನ್ನಡದ ಓದುಗರಿಗೆ ಜಿಮ್ ಕಾರ್ಬೆಟ್ ಅಪರಿಚಿತರಲ್ಲ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ವನ್ನು ಓದಿದವರ ಮನಸ್ಸಿನಲ್ಲಿ ಅವರು ಕೋವಿ ಹಿಡಿದು ಇರುಳೆಲ್ಲ ಕಾದು ಕುಳಿತ ಬೇಟೆಗಾರರಾಗಿಯೇ ನೆಲೆಸಿದ್ದಾರೆ. ಆದರೆ ಅದೇ ಬೇಟೆಗಾರರು ಒಂದು ಚಲನಚಿತ್ರ ಕ್ಯಾಮೆರಾವನ್ನು ಹೊತ್ತು ಹತ್ತು ವರ್ಷ ಹುಲಿಗಳ ಹಿಂದೆ ಅಲೆದರೆಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಅವರ ಬದುಕನ್ನು ಈ ಕಡೆಯಿಂದ ನೋಡಿದಾಗ ಬೇರೊಬ್ಬ ಕಾರ್ಬೆಟ್ ಕಾಣಸಿಗುತ್ತಾರೆ.

ಎಡ್ವರ್ಡ್ ಜೇಮ್ಸ್ ಕಾರ್ಬೆಟ್ ಜನಿಸಿದ್ದು 1875ರ ಜುಲೈ 25ರಂದು, ಕುಮಾವ್ ಪ್ರಾಂತದ ನೈನಿತಾಲ್‌ನಲ್ಲಿ. ತಂದೆ ಕ್ರಿಸ್ಟೋಫರ್ ಕಾರ್ಬೆಟ್ ಅಲ್ಲಿಯ ಪೋಸ್ಟ್‌ಮಾಸ್ಟರ್ ಆಗಿದ್ದರು. ಜಿಮ್ ಇನ್ನೂ ಚಿಕ್ಕ ಬಾಲಕನಾಗಿದ್ದಾಗಲೇ ತಂದೆ ತೀರಿಕೊಂಡರು. ದೊಡ್ಡ ಸಂಸಾರದ ಹೊರೆ ತಾಯಿ ಮೇರಿ ಜೇನ್ ಅವರ ಮೇಲೆ ಬಿದ್ದಿತು. ಬೇಸಿಗೆಯಲ್ಲಿ ನೈನಿತಾಲ್, ಚಳಿಗಾಲದಲ್ಲಿ ಬೆಟ್ಟದ ತಪ್ಪಲಿನ ಕಾಲಾಢುಂಗಿ ಎಂದು ಈ ಕುಟುಂಬದ ವಾಸ್ತವ್ಯ ಬದಲಾಗುತ್ತಿತ್ತು. ಕಾಲಾಢುಂಗಿಯ ಕಾಡೇ ಬಾಲಕನ ನಿಜವಾದ ಪಾಠಶಾಲೆಯಾಯಿತು. ಹಕ್ಕಿಯ ಕೂಗು, ಜಿಂಕೆಯ ಎಚ್ಚರಿಕೆಯ ದನಿ, ಮರಳಿನ ಮೇಲಿನ ಹೆಜ್ಜೆಗುರುತು ಇವೆಲ್ಲ ಅವರಿಗೆ ಅಕ್ಷರಗಳಷ್ಟೇ ಸುಲಭವಾಗಿ ಓದಲು ಬರುತ್ತಿದ್ದವು.

ಹದಿಹರೆಯ ಮುಗಿಯುವ ಮುನ್ನವೇ ಅವರು ರೈಲ್ವೆಯ ನೌಕರಿಗೆ ಸೇರಿದರು. ಅನಂತರ ಬಿಹಾರದ ಮೊಕಾಮಾ ಘಾಟ್‌ನಲ್ಲಿ ಗಂಗೆಯ ದಡದಲ್ಲಿ ಸರಕು ಸಾಗಣೆಯ ಗುತ್ತಿಗೆ ಹಿಡಿದು, ಕೂಲಿಗಳ ನಡುವೆ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದರು. 1907ರಲ್ಲಿ ಅವರು ಕೊಂದ ಚಂಪಾವತ್‌ನ ಹೆಣ್ಣುಹುಲಿ ನೇಪಾಳದಲ್ಲಿಯೂ ಕುಮಾವ್‌ನಲ್ಲಿಯೂ ಸೇರಿ 436 ಜನರನ್ನು ಬಲಿ ತೆಗೆದುಕೊಂಡಿತ್ತೆಂದು ದಾಖಲೆಯಿದೆ. 1910ರಲ್ಲಿ ಪನಾರ್‌ನ ಚಿರತೆ, 1926ರಲ್ಲಿ ರುದ್ರಪ್ರಯಾಗದ ಚಿರತೆ ಅವರ ಗುಂಡಿಗೆ ಬಲಿಯಾದವು. ಮೊದಲನೆಯ ಮಹಾಯುದ್ಧದಲ್ಲಿ ಕುಮಾವ್‌ನ 500 ಜನರ ತಂಡವನ್ನು ಕಟ್ಟಿ ಫ್ರಾನ್ಸಿಗೂ ಕರೆದೊಯ್ದಿದ್ದರು. ಐವತ್ತನ್ನು ದಾಟುವ ಹೊತ್ತಿಗೆ ಬೇಟೆಗಾರನೊಬ್ಬ ಬಯಸಬಹುದಾದ ಕೀರ್ತಿಯೆಲ್ಲವೂ ಅವರಿಗೆ ದೊರೆತಿತ್ತು.

ಈ ಘಟ್ಟದಲ್ಲಿ ಅವರ ಮೇಲೆ ಪ್ರಭಾವ ಬೀರಿದವರು ಅರಣ್ಯಾಧಿಕಾರಿ ಎಫ್. ಡಬ್ಲ್ಯೂ. ಚಾಂಪಿಯನ್. ಚಾಂಪಿಯನ್‌ರು ಹುಲಿ ನಡೆದಾಡುವ ಹಾದಿಗೆ ಅಡ್ಡಲಾಗಿ ಸಣ್ಣ ತಂತಿಯನ್ನು ಕಟ್ಟಿ, ಪಕ್ಕದಲ್ಲಿ ಕ್ಯಾಮೆರಾ ಇಟ್ಟು ಬರುತ್ತಿದ್ದರು. ಇರುಳಿನಲ್ಲಿ ಹುಲಿಯ ಕಾಲು ತಂತಿಗೆ ತಗುಲಿದೊಡನೆ ಬೆಳಕು ಹೊಮ್ಮಿ ಚಿತ್ರ ತಾನಾಗಿ ಮೂಡುತ್ತಿತ್ತು. ಆ ಚಿತ್ರಗಳನ್ನೊಳಗೊಂಡ ಅವರ ಗ್ರಂಥ 1927ರಲ್ಲಿ ಪ್ರಕಟವಾಯಿತು. ಅದರಿಂದ ಸ್ಫೂರ್ತಿಗೊಂಡ ಕಾರ್ಬೆಟ್ ತಾವೂ ಕ್ಯಾಮೆರಾ ಹಿಡಿದರು. ಆದರೆ ಅವರ ಮನಸ್ಸು ಬಯಸಿದ್ದು ಕ್ಷಣವೊಂದರ ಸ್ಥಿರಚಿತ್ರವನ್ನಲ್ಲ. ಹಗಲು ಬೆಳಕಿನಲ್ಲಿ ನಡೆಯುವ, ಕೂರುವ, ತನ್ನ ಪಾಡಿಗೆ ತಾನಿರುವ ಹುಲಿಯನ್ನು. ಅದಕ್ಕೆ ಚಲನಚಿತ್ರದ ಕ್ಯಾಮೆರಾವೇ ಬೇಕಿತ್ತು. ತಂತಿ ಕಟ್ಟಿ ಮನೆಗೆ ಮರಳುವ ಉಪಾಯವೂ ಅಲ್ಲಿ ನಡೆಯುವಂತಿರಲಿಲ್ಲ. ಮನುಷ್ಯನೇ ಹುಲಿಯ ಸನಿಹದಲ್ಲಿ ಹುದುಗಿ ಕುಳಿತಿರಬೇಕಿತ್ತು.

1928ರಲ್ಲಿ ಲಾರ್ಡ್ ಸ್ಟ್ರಾತ್‌ಕೋನಾ ಅವರಿಗೆ ಬೆಲ್ ಅಂಡ್ ಹೊವೆಲ್ ಕಂಪನಿಯ 16 ಮಿ.ಮೀ. ಕ್ಯಾಮೆರಾವೊಂದನ್ನು ಕಾಣಿಕೆಯಾಗಿ ನೀಡಿದರು. ಚಿತ್ರೋದ್ಯಮದವರು ಬಳಸುತ್ತಿದ್ದ 35 ಮಿ.ಮೀ. ಯಂತ್ರಗಳಿಗೆ ಮೂರು ಕಾಲಿನ ಆಸರೆಯೂ ಆಳುಕಾಳುಗಳೂ ಬೇಕಾಗುತ್ತಿದ್ದವು. ಅಂತಹುದನ್ನು ಹೊತ್ತು ಪೊದೆಗಳ ನಡುವೆ ತೆವಳುವುದು ಅಸಾಧ್ಯ. ಸ್ಪ್ರಿಂಗಿಗೆ ಕೀಲಿ ಕೊಟ್ಟು ಓಡಿಸುವ 16 ಮಿ.ಮೀ. ಕ್ಯಾಮೆರಾವನ್ನಾದರೋ ಒಬ್ಬನೇ ಕೈಯಲ್ಲಿ ಹಿಡಿದು ಒಯ್ಯಬಹುದಿತ್ತು. ಹೀಗೆ ಹಗುರದ ಮಟ್ಟಿಗೆ ಈ ಯಂತ್ರ ಕಾಡಿಗೆ ಹೇಳಿ ಮಾಡಿಸಿದಂತಿತ್ತು.

ಆದರೆ ಅದಕ್ಕೆ ಮೂರು ಕುಂದುಗಳಿದ್ದವು. ಮೊದಲನೆಯದು ಸದ್ದು. ಗುಂಡಿಯನ್ನು ಒತ್ತಿದೊಡನೆ ಒಳಗಿನ ಚಕ್ರಗಳು ಗರಗರನೆ ತಿರುಗತೊಡಗುತ್ತಿದ್ದವು. ಒಣಗಿದ ಎಲೆಯೊಂದು ಮುರಿದರೂ ಕಿವಿ ನಿಮಿರಿಸುವ ಹುಲಿಗೆ ಅಷ್ಟು ಸಾಕು. ಎರಡನೆಯದು ಬೆಳಕು. ಅಂದಿನ ಫಿಲ್ಮಿಗೆ ಒಳ್ಳೆಯ ಬಿಸಿಲು ಬೇಕು. ಹುಲಿಯಾದರೋ ಹೆಚ್ಚಾಗಿ ನೆರಳನ್ನೂ ಕತ್ತಲೆಯನ್ನೂ ಆಶ್ರಯಿಸುವ ಪ್ರಾಣಿ. ಮೂರನೆಯದು ಫಿಲ್ಮಿನ ಮಿತಿ. ಇಂತಹ ಕ್ಯಾಮೆರಾದಲ್ಲಿ ಹಿಡಿಸುತ್ತಿದ್ದ 100 ಅಡಿಯ ಸುರುಳಿ ಮೂಕಿಚಿತ್ರದ ವೇಗದಲ್ಲಿ ಸುಮಾರು ನಾಲ್ಕು ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ಕೋವಿಗೆ ಇವು ಯಾವುವೂ ಅಡ್ಡಿಯಲ್ಲ. ಗುಂಡು ಹಾರಿದ ಮೇಲೆ ಸದ್ದಾದರೇನು? ಕ್ಯಾಮೆರಾದವನ ಕೆಲಸ ಪ್ರಾರಂಭವಾಗುವುದೇ ಗುರಿ ಹಿಡಿದ ಮೇಲೆ. ಆ ಬಳಿಕವೂ ಹುಲಿ ಬೆದರದೆ ನಿಲ್ಲಬೇಕು.

ಹತ್ತು ವರ್ಷಗಳ ಅಲೆದಾಟ ಕಾರ್ಬೆಟ್ಟರಿಗೆ ತೃಪ್ತಿ ತರಲಿಲ್ಲ. ಕೊನೆಗೆ, 1938ರ ಸುಮಾರಿಗೆ, ಅವರಿಗೆ ಬೇರೊಂದು ಉಪಾಯ ಹೊಳೆಯಿತು. ಹುಲಿಯ ಬೆನ್ನು ಹತ್ತುವ ಬದಲು ತಾವು ಆರಿಸಿದ ಜಾಗಕ್ಕೆ ಹುಲಿಗಳನ್ನೇ ಬರಮಾಡಿಕೊಳ್ಳಬೇಕು! ಸುಮಾರು ಐವತ್ತು ಗಜ ಅಗಲದ ಬಯಲೊಂದು ಸಿಕ್ಕಿತು. ಇಕ್ಕೆಲಗಳಲ್ಲಿಯೂ ದಟ್ಟವಾದ ಕಾಡು, ನಡುವೆ ಪುಟ್ಟ ತೊರೆ. ಆ ತೊರೆಗೆ ಅಲ್ಲಲ್ಲಿ ತಡೆ ಹಾಕಿ ಕೆಲವೇ ಅಂಗುಲ ಎತ್ತರದ ಜಲಪಾತಗಳನ್ನು ನಿರ್ಮಿಸಿದರು. ನೀರು ಬೀಳುವ ಸದ್ದಿನಲ್ಲಿ ಕ್ಯಾಮೆರಾದ ಸದ್ದು ಅಡಗಿಹೋಯಿತು. ಯಂತ್ರದ ಕುಂದನ್ನು ಇನ್ನೊಂದು ಯಂತ್ರದಿಂದ ತಿದ್ದದೆ ಕಾಡಿನಿಂದಲೇ ತಿದ್ದಿಕೊಂಡದ್ದು ಅವರ ಜಾಣ್ಮೆ.

ಅನಂತರ ಮೂರು ಬೇರೆ ಬೇರೆ ಕಡೆಗಳಲ್ಲಿದ್ದ ಏಳು ಹುಲಿಗಳನ್ನು ಗುರುತಿಸಿ, ದಿನಕ್ಕಿಷ್ಟು ಗಜಗಳಂತೆ ಅವನ್ನು ಆ ತೊರೆಯ ಬಳಿಗೆ ಸೆಳೆಯುತ್ತ ಬಂದರು. ಸುತ್ತಲಿನ ಕಾಡಿನಲ್ಲಿ ಶಿಕಾರಿಗಳ ಹಾವಳಿ ಇದ್ದುದರಿಂದ, ಯಾರ ಕಣ್ಣಿಗೂ ಬೀಳದಂತೆ ಅವನ್ನು ಕಾಪಾಡುವುದೂ ಅವರ ಪಾಲಿನ ಕೆಲಸವಾಯಿತು. ಬಂದ ಹುಲಿಗಳಲ್ಲಿ ಒಂದು ಮರುದಿನವೇ ಹೊರಟುಹೋಯಿತು; ಆರು ಉಳಿದವು. ನಸುಕಿಗೆ ಮುನ್ನ, ಮಂಜಿನಿಂದ ತೊಯ್ದ ನೆಲ ಸದ್ದು ಮಾಡದ ಹೊತ್ತಿನಲ್ಲಿ, ಅವರು ತೆವಳಿ ಬಂದು ತೊರೆಯ ಬಳಿ ಮಲಗುತ್ತಿದ್ದರು. ಬೆಳಕು ಮೂಡಿದ ಮೇಲೆ ಚಿತ್ರೀಕರಣ.

ನಾಲ್ಕೂವರೆ ತಿಂಗಳ ಈ ತಪಸ್ಸಿನಲ್ಲಿ 1000 ಅಡಿ ಫಿಲ್ಮು ಖರ್ಚಾಯಿತು. ಆ ಚಳಿಗಾಲದಲ್ಲಿ ಎಂದೂ ಇಲ್ಲದ ಮಳೆ. ಮಸೂರದ ಮೇಲೆ ತೇವ ಕೂತು ಒಂದಿಷ್ಟು ಹಾಳಾಯಿತು. ಬೆಳಕು ಸಾಲದೆ ಒಂದಿಷ್ಟು. ಅವಸರದಲ್ಲಿ ಸುರುಳಿಯನ್ನು ಸರಿಯಾಗಿ ಕೂರಿಸದೆ ಮತ್ತೊಂದಿಷ್ಟು. ಉಳಿದದ್ದು ಸುಮಾರು 600 ಅಡಿ, ಅಂದರೆ ಹೆಚ್ಚೆಂದರೆ 25 ನಿಮಿಷಗಳ ಚಿತ್ರ. ಆದರೆ ಅದರಲ್ಲಿ ಬಿಳಿಯ ಹೆಣ್ಣುಹುಲಿಯೊಂದನ್ನೂ ಸೇರಿಸಿ ಆರು ಪ್ರಾಯದ ಹುಲಿಗಳು ಹತ್ತರಿಂದ ಅರವತ್ತು ಅಡಿಗಳ ಅಂತರದಲ್ಲಿ, ಹಗಲು ಬೆಳಕಿನಲ್ಲಿ ಸೆರೆಯಾಗಿದ್ದವು. ಅಷ್ಟು ದಿನಗಳಲ್ಲಿ ಒಂದು ಹುಲಿಯೂ ಅವರನ್ನು ನೋಡಲಿಲ್ಲ! ತಾವು ಕೆಡವಿದ ಯಾವ ಹುಲಿಯ ಚರ್ಮಕ್ಕಿಂತಲೂ ಈ ಚಿತ್ರದ ಬಗೆಗೆ ಅವರಿಗೆ ಅಭಿಮಾನವಿತ್ತು.

ಕ್ಯಾಮೆರಾ ಬಂದ ದಿನವೇ ಅವರು ಕೋವಿಯನ್ನು ಕೆಳಗಿಟ್ಟರೆಂದು ಬರೆದರೆ ಸತ್ಯಕ್ಕೆ ಅಪಚಾರವಾದೀತು. 1930ರಲ್ಲಿ, ನರಭಕ್ಷಕವಲ್ಲದ ಪೊವಾಲ್‌ಗಢದ ಭಾರಿ ಗಂಡುಹುಲಿಯನ್ನು ಅವರು ಕೊಂದರು. ವೈಸ್‌ರಾಯ್ ಲಿನ್‌ಲಿತ್‌ಗೋ ಅವರ ಶಿಕಾರಿಗಳಿಗೂ ಏರ್ಪಾಟು ಮಾಡಿಕೊಟ್ಟರು. ಒಂದು ಕೈ ಹುಲಿಯನ್ನು ಕಾಯುತ್ತಿದ್ದಾಗ ಇನ್ನೊಂದು ಕೈ ಹಳೆಯ ಸಂಪ್ರದಾಯವನ್ನು ಪೂರ್ತಿ ಬಿಟ್ಟಿರಲಿಲ್ಲ. ಆದರೂ ಹುಲಿಗಳ ಸಂಖ್ಯೆ ಕುಸಿಯುತ್ತಿರುವುದನ್ನು ಅವರು ಕಂಡುಕೊಂಡಿದ್ದರು. ಒಳ್ಳೆಯ ಚಿತ್ರವೊಂದು ಎಲ್ಲರಿಗೂ ಆನಂದ ಕೊಡುತ್ತದೆ, ಗೋಡೆಯ ಮೇಲಿನ ತೊಗಲಿಗೆ ಬೆಲೆಯಿರುವುದು ಅದನ್ನು ತಂದವನಿಗೆ ಮಾತ್ರ ಎಂಬುದು ಅವರ ನಂಬುಗೆಯಾಗಿತ್ತು. 1936ರಲ್ಲಿ ಹೇಲಿ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾದುದರ ಹಿಂದೆ ಅವರ ಶ್ರಮವೂ ಇತ್ತು. 1938ರ ನವೆಂಬರ್ 30ರಂದು, 63ನೆಯ ವಯಸ್ಸಿನಲ್ಲಿ, ಠಾಕ್ ಗ್ರಾಮದ ನರಭಕ್ಷಕ ಹುಲಿಯನ್ನು ಕೊಂದದ್ದೇ ಅವರ ನರಭಕ್ಷಕ ಬೇಟೆಗಳಲ್ಲಿ ಕೊನೆಯದು.

1944ರಲ್ಲಿ ಮುಂಬಯಿಯ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ‘ಮ್ಯಾನ್‌ಈಟರ್ಸ್ ಆಫ್ ಕುಮಾವ್’ ಗ್ರಂಥವನ್ನು ಪ್ರಕಟಿಸಿತು, ಕಾರ್ಬೆಟ್ ಜಗತ್ಪ್ರಸಿದ್ಧರಾದರು. ತೊರೆಯ ಬಳಿಯ ಚಿತ್ರೀಕರಣದ ವೃತ್ತಾಂತ ಅದರ ಕೊನೆಯ ಅಧ್ಯಾಯದಲ್ಲಿದೆ. ನರಭಕ್ಷಕಗಳ ಕಥೆಯನ್ನು ಅವರು ಬದುಕಿರುವ ಹುಲಿಗಳ ಚಿತ್ರದೊಡನೆ ಮುಗಿಸಿದರು. 1947ರ ಕೊನೆಯಲ್ಲಿ ಅಕ್ಕ ಮ್ಯಾಗಿಯೊಡನೆ ಕೀನ್ಯಾಕ್ಕೆ ತೆರಳಿ, ನ್ಯೇರಿಯಲ್ಲಿ ನೆಲೆಸಿದ ಅವರು 1955ರ ಏಪ್ರಿಲ್ 19ರಂದು ಅಲ್ಲಿಯೇ ನಿಧನರಾದರು.

ಅವರ ಮರಣಾನಂತರ ಉದ್ಯಾನಕ್ಕೆ ಅವರದೇ ಹೆಸರು ಬಂದಿತು. 1973ರಲ್ಲಿ ಹುಲಿ ಯೋಜನೆ ಅಲ್ಲಿಂದಲೇ ಆರಂಭವಾಯಿತು. ಮೊದಲ ಒಂಬತ್ತು ರಕ್ಷಿತಾರಣ್ಯಗಳಲ್ಲಿ ನಮ್ಮ ಬಂಡೀಪುರವೂ ಒಂದು. ಇಂದು ದೆಹಲಿಯ ಕನ್ನಡಿಗರು ಕಾರ್ಬೆಟ್ ಉದ್ಯಾನಕ್ಕೂ ಮೈಸೂರಿನವರು ಬಂಡೀಪುರಕ್ಕೂ ಕ್ಯಾಮೆರಾ ಹಿಡಿದು ಹೋಗುತ್ತಾರೆ. ಸದ್ದಿಲ್ಲದ, ಮಂದಬೆಳಕಿನಲ್ಲಿಯೂ ಚಿತ್ರ ತೆಗೆಯುವ ಉಪಕರಣಗಳು ಈಗ ಅಂಗಡಿಯಲ್ಲಿಯೇ ದೊರೆಯುತ್ತವೆ. ತೊರೆಯ ಬಳಿ ನಾಲ್ಕೂವರೆ ತಿಂಗಳು ಕಾಯುವ ತಾಳ್ಮೆಯನ್ನು ಮಾತ್ರ ನಾವೇ ಕಲಿತುಕೊಳ್ಳಬೇಕು.