ತಾಯ್ನುಡಿಗೆ ಮರಳಿದ ನಟಿ

ಹಾಲಿವುಡ್‌ಗೆ ಹೋಗಿ ಹೆಸರು ಮಾಡಿದ ನಟಿಯರು ಅನೇಕರಿದ್ದಾರೆ. ಆದರೆ ಅಲ್ಲಿ ಗೆದ್ದ ಮೇಲೆ ಸ್ವಂತ ನಾಡಿಗೆ ಹಿಂದಿರುಗಿ, ತಮ್ಮದೇ ಭಾಷೆಯಲ್ಲಿ ಮತ್ತೆ ಮೊದಲಿನಿಂದ ಆರಂಭಿಸಿದವರು ವಿರಳ. ಅಂಥವರಲ್ಲಿ ಮೆಕ್ಸಿಕೋದ ಡೊಲೊರೆಸ್ ದೆಲ್ ರಿಯೊ ಒಬ್ಬರು. ಅವರ ಬದುಕನ್ನು ನನ್ನ ಸಹಪಾಠಿಗಳಿಗೆ ಪರಿಚಯಿಸಬೇಕೆಂದು ಈ ಲೇಖನ ಬರೆಯುತ್ತಿದ್ದೇನೆ.

ಡೊಲೊರೆಸ್ ಹುಟ್ಟಿದ್ದು 1904ರಲ್ಲಿ, ಮೆಕ್ಸಿಕೋದ ದುರಾಂಗೋ ನಗರದಲ್ಲಿ. ತಂದೆ ಬ್ಯಾಂಕಿನ ದೊಡ್ಡ ಅಧಿಕಾರಿ. 1910ರಲ್ಲಿ ಮೆಕ್ಸಿಕೋದಲ್ಲಿ ಕ್ರಾಂತಿ ಆರಂಭವಾದಾಗ ಈ ಶ್ರೀಮಂತ ಕುಟುಂಬ ಊರು ಬಿಟ್ಟು ಓಡಬೇಕಾಯಿತು. ತಾಯಿಯೊಂದಿಗೆ ರಾಜಧಾನಿ ಸೇರಿದ ಡೊಲೊರೆಸ್ ಅಲ್ಲಿ ಫ್ರೆಂಚ್ ಕ್ರೈಸ್ತ ಸನ್ಯಾಸಿನಿಯರ ಶಾಲೆಯಲ್ಲಿ ಓದಿದರು, ನೃತ್ಯ ಕಲಿತರು. 1925ರಲ್ಲಿ ಅಮೆರಿಕದ ನಿರ್ದೇಶಕ ಎಡ್ವಿನ್ ಕೆರೂ ಅವರ ನೃತ್ಯ ಕಂಡು ಮೆಚ್ಚಿ ಹಾಲಿವುಡ್‌ಗೆ ಆಹ್ವಾನಿಸಿದರು.

ಅದು ಮೂಕಿ ಚಿತ್ರಗಳ ಕಾಲ. ಟಾಲ್‌ಸ್ಟಾಯ್ ಕಾದಂಬರಿ ಆಧರಿಸಿದ 'ರಿಸರೆಕ್ಷನ್' (1927) ಮತ್ತು 'ರಮೋನಾ' (1928) ಅವರನ್ನು ತಾರೆಯಾಗಿಸಿದವು. ಮಾತಿನ ಚಿತ್ರಗಳು ಬಂದಾಗ ಅನೇಕ ವಿದೇಶಿ ನಟರು ಅವಕಾಶ ಕಳೆದುಕೊಂಡರು. ಡೊಲೊರೆಸ್ ಇಂಗ್ಲಿಷ್ ಕಲಿತು ಉಳಿದುಕೊಂಡರು. ಆದರೂ ಪಾತ್ರ ಪೆಸಿಫಿಕ್ ದ್ವೀಪದ ಹುಡುಗಿಯದಾಗಲಿ, ಬ್ರೆಜಿಲ್ ದೇಶದವಳದಾಗಲಿ, ಚಿತ್ರರಂಗ ಅವರಲ್ಲಿ ಕಂಡದ್ದು ಒಬ್ಬ ಪರದೇಶಿ ಸುಂದರಿಯನ್ನು ಮಾತ್ರ. ಕ್ರಮೇಣ ಒಳ್ಳೆಯ ಪಾತ್ರಗಳು ಸಿಗುವುದೇ ಕಡಿಮೆಯಾಯಿತು.

ಅವರು ಮೆಕ್ಸಿಕೋಗೆ ಹಿಂದಿರುಗಿದಾಗ ವಯಸ್ಸು ನಲವತ್ತರ ಹತ್ತಿರ. 1943ರಲ್ಲಿ ನಿರ್ದೇಶಕ ಎಮಿಲಿಯೊ ಫೆರ್ನಾಂಡೆಸ್ ಅವರ 'ಫ್ಲೋರ್ ಸಿಲ್ವೆಸ್ತ್ರೆ' ಚಿತ್ರದಲ್ಲಿ ಮೊದಲ ಬಾರಿಗೆ ತಮ್ಮ ತಾಯ್ನುಡಿ ಸ್ಪ್ಯಾನಿಷ್‌ನಲ್ಲಿ ನಟಿಸಿದರು. ನಂತರ ಬಂದದ್ದು 'ಮರಿಯಾ ಕಾಂದೆಲಾರಿಯಾ'. ಅದರಲ್ಲಿ ಅವರದು ಊರವರು ದೂರವಿಟ್ಟ, ಹೂ ಬೆಳೆದು ಬದುಕುವ ಬಡ ಆದಿವಾಸಿ ಹೆಣ್ಣಿನ ಪಾತ್ರ. 1946ರ ಮೊದಲ ಕಾನ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಹಂಚಿಕೊಂಡ 11 ಚಿತ್ರಗಳಲ್ಲಿ ಇದೂ ಒಂದು. ಖ್ವಾಜಾ ಅಹ್ಮದ್ ಅಬ್ಬಾಸ್ ಚಿತ್ರಕಥೆಯಲ್ಲಿ ಪಾಲುಗೊಂಡಿದ್ದ ನಮ್ಮ ದೇಶದ 'ನೀಚಾ ನಗರ್' ಕೂಡ ಆ ಸಾಲಿನಲ್ಲಿತ್ತು.

ನಮ್ಮ ಕಾಲೇಜಿನಲ್ಲಿ ಹಲವರಿಗೆ ಮನೆಯ ಮಾತು ಒಂದು, ತರಗತಿಯ ಮಾತು ಇನ್ನೊಂದು. ಉಚ್ಚಾರಣೆಗೆ ಯಾರಾದರೂ ನಕ್ಕಾರೆಂದು ಪ್ರಶ್ನೆ ಕೇಳದೆ ಸುಮ್ಮನೆ ಕುಳಿತ ದಿನಗಳು ನನಗೂ ಇವೆ. ಅದಕ್ಕೇ ಡೊಲೊರೆಸ್ ನನಗೆ ಹತ್ತಿರವೆನಿಸುತ್ತಾರೆ. ಅವರು ಪರಭಾಷೆಯನ್ನು ಕಷ್ಟಪಟ್ಟು ಕಲಿತರು. ಆದರೆ ಅವರೊಳಗಿನ ನಟಿ ಪೂರ್ಣವಾಗಿ ಅರಳಿದ್ದು ತಾಯ್ನುಡಿಯಲ್ಲಿ.

1954ರಲ್ಲಿ ಕಮ್ಯುನಿಸ್ಟರ ಬಗ್ಗೆ ಒಲವಿದೆ ಎಂಬ ಸಂಶಯದ ಮೇಲೆ ಅಮೆರಿಕ ಅವರಿಗೆ ವೀಸಾ ನಿರಾಕರಿಸಿತು. ಅವರು ಮಾಡಬೇಕಿದ್ದ ಪಾತ್ರ ಮೆಕ್ಸಿಕೋದ ಇನ್ನೊಬ್ಬ ನಟಿ ಕಾತಿ ಹುರಾದೊ ಅವರಿಗೆ ಹೋಯಿತು. ಡೊಲೊರೆಸ್ ಎದೆಗುಂದಲಿಲ್ಲ. ಐವತ್ತು ದಾಟಿದ ಮೇಲೆ ರಂಗಭೂಮಿಗೆ ಬಂದರು. 1956ರಲ್ಲಿ ಅಮೆರಿಕದಲ್ಲೇ 'ಅನಸ್ತೇಷಿಯಾ' ನಾಟಕದಲ್ಲಿ ನಟಿಸಿ, ಬಳಿಕ ಮೆಕ್ಸಿಕೋದ ರಂಗದಲ್ಲೂ ಹೆಸರು ಗಳಿಸಿದರು. 1960ರ 'ಫ್ಲೇಮಿಂಗ್ ಸ್ಟಾರ್' ಚಿತ್ರದಲ್ಲಿ ಗಾಯಕ ಎಲ್ವಿಸ್ ಪ್ರೀಸ್ಲಿಯ ತಾಯಿಯ ಪಾತ್ರ ಅವರದಾಗಿತ್ತು.

ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಆದರೆ 1970ರ ದಶಕದಲ್ಲಿ, ದುಡಿಯುವ ಕಲಾವಿದೆಯರ ಮಕ್ಕಳಿಗಾಗಿ ಶಿಶುವಿಹಾರ ಸ್ಥಾಪಿಸಲು ಶ್ರಮಿಸಿ, ಅದರ ಉಸ್ತುವಾರಿಯನ್ನೂ ವಹಿಸಿಕೊಂಡರು. ತಾಯಂದಿರು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಲು ಅದರಿಂದ ಅನುಕೂಲವಾಯಿತು. 1983ರ ಏಪ್ರಿಲ್ 11ರಂದು ಅವರು ಕ್ಯಾಲಿಫೋರ್ನಿಯಾದಲ್ಲಿ ನಿಧನರಾದರು.

ಅವರ ಸೌಂದರ್ಯದ ಬಗ್ಗೆ ಜಗತ್ತು ಬಹಳ ಮಾತಾಡಿದೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಅವರು ಕಟ್ಟಿದ ಆ ಶಿಶುವಿಹಾರ, ಮತ್ತು ನಲವತ್ತರ ಹೊಸ್ತಿಲಲ್ಲಿ ಹೊಸದಾಗಿ ಆರಂಭಿಸಿದ ಅವರ ಧೈರ್ಯ.